ಬಾಟಲಿ ತುಂಬಿತ್ತು, ರೇಡಿಯೇಟರ್ ಬರಿದಾಗಿತ್ತು: ರೈಲು ವಸ್ತುಸಂಗ್ರಹಾಲಯದಿಂದ ಮರಳುವಾಗಿನ ಒಂದು ಪ್ರಕರಣ

ಮಾರ್ಚ್ ತಿಂಗಳ ಒಂದು ಭಾನುವಾರ, ಸಂಜೆ ಐದೂಕಾಲರ ಹೊತ್ತು. ಮೈಸೂರಿನಿಂದ ಬೆಂಗಳೂರಿಗೆ ಮರಳುವ ದಾರಿಯಲ್ಲಿ, ಮದ್ದೂರು ದಾಟಿ ನಿಡಘಟ್ಟದ ಸಮೀಪ, ನನ್ನ ಹನ್ನೊಂದು ವರ್ಷದ ಪೆಟ್ರೋಲ್ ಕಾರಿನ ಶಾಖದ ಮುಳ್ಳು ಕೆಂಪು ಗೆರೆಯವರೆಗೆ ಏರಿತು. ಒಂದೇ ನಿಮಿಷದೊಳಗೆ ಅದು ತಣ್ಣನೆಯ ಕಡೆಗೆ ಬಿದ್ದುಬಿಟ್ಟಿತು. ಕಾರಿನಲ್ಲಿದ್ದ ನಾಲ್ವರಲ್ಲಿ ಮೂವರಿಗೆ ಹೋದ ಜೀವ ಬಂದಂತಾಯಿತು. ನಾಲ್ಕನೆಯವನು ಮಾತ್ರ ‘ಮುಳ್ಳು ಇಳಿದಿದ್ದು ಒಳ್ಳೆಯ ಸುದ್ದಿಯಲ್ಲ, ಈಗಲೇ ನಿಲ್ಲಿಸು’ ಎಂದ. ನಿಲ್ಲಿಸಿದ್ದರಿಂದ ಎಂಜಿನ್ ಉಳಿಯಿತು.

ಬೆಳಿಗ್ಗೆ ಹೊರಡುವ ಮುನ್ನ ನಾನು ಬಾನೆಟ್ ಎತ್ತಿ ನೀರು ನೋಡಿಯೇ ಹೊರಟಿದ್ದೆ. ನೋಡಿಯೂ ಹೀಗಾಯಿತು ಎಂಬುದೇ ಈ ಪ್ರಕರಣವನ್ನು ಬರೆದಿಡಲು ಕಾರಣ. ನನ್ನಂತೆ ನೋಡುವವರು ಬಹಳ ಜನ ಇದ್ದಾರೆ ಎಂಬುದು ಆಮೇಲೆ ಗೊತ್ತಾಯಿತು.

ಹೊರಡುವಾಗಿನ ಸ್ಥಿತಿ

ನಾವು ನಾಲ್ವರೂ ಕಾಲೇಜಿನ ಕಾಲದ ಗೆಳೆಯರು. ಒಬ್ಬಳು ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುತ್ತಾಳೆ, ಒಬ್ಬ ಬ್ಯಾಂಕಿನಲ್ಲಿದ್ದಾನೆ. ಮತ್ತೊಬ್ಬನ ತಂದೆ ಮೀಟರ್ ಗೇಜ್ (ಒಂದು ಮೀಟರ್ ಅಗಲದ ಹಳಿ) ಕಾಲದಲ್ಲಿ ಉಗಿ ಎಂಜಿನ್ನಿನ ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿ ಕೆಲಸಕ್ಕೆ ಸೇರಿ ಡ್ರೈವರ್ ಆಗಿ ನಿವೃತ್ತರಾದವರು. ತಂದೆ ತೀರಿಕೊಂಡು ವರ್ಷವಾಗಿತ್ತು. ಅವರು ಓಡಿಸುತ್ತಿದ್ದಂಥ ಎಂಜಿನ್‌ಗಳನ್ನು ನಮ್ಮ ಜೊತೆ ಒಮ್ಮೆ ನೋಡಬೇಕೆಂದು ಅವನು ಕೇಳಿದ್ದಕ್ಕೆ ಈ ಪ್ರವಾಸ ಕೂಡಿಬಂತು.

ಹಿಂದಿನ ರಾತ್ರಿ ಚಕ್ರಗಳಿಗೆ ಗಾಳಿ ತುಂಬಿಸಿದ್ದೆ, ಎಂಜಿನ್ ಎಣ್ಣೆ ನೋಡಿದ್ದೆ. ಬೆಳಿಗ್ಗೆ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಬಾಟಲಿಯ ಕಡೆ ಬಗ್ಗಿದೆ. ಬಿಳಿ ಪ್ಲಾಸ್ಟಿಕ್ಕಿನ ಆ ಬಾಟಲಿಯ ಮೇಲೆ ಎರಡು ಗೆರೆಗಳಿವೆ, ಕೆಳಗಿನದು ಕನಿಷ್ಠ, ಮೇಲಿನದು ಗರಿಷ್ಠ. ಹಸಿರು ದ್ರವ ಮೇಲಿನ ಗೆರೆಯನ್ನೂ ಒಂದು ಬೆರಳಿನಷ್ಟು ದಾಟಿ ನಿಂತಿತ್ತು. ‘ಹೆಚ್ಚೇ ಇದೆ, ಒಳ್ಳೆಯದು’ ಎಂದುಕೊಂಡು ಬಾನೆಟ್ ಮುಚ್ಚಿದೆ. ಇಡೀ ಪ್ರಕರಣದ ಅತಿ ದೊಡ್ಡ ಸುಳಿವು ಅಲ್ಲಿತ್ತು. ನಾನು ಅದನ್ನು ಸಮಾಧಾನವೆಂದು ಓದಿಕೊಂಡೆ.

ಬೆಳಗಿನ ಪ್ರಯಾಣದಲ್ಲಿ ಯಾವ ತೊಂದರೆಯೂ ಆಗಲಿಲ್ಲ. ಆರೂವರೆಗೆ ಹೊರಟೆವು, ಗಾಳಿ ತಂಪಾಗಿತ್ತು, ಎಸಿ ಹಾಕಿರಲಿಲ್ಲ, ತಿಂಡಿಗೆಂದು ನಡುವೆ ಒಮ್ಮೆ ನಿಂತೆವು. ಮುಳ್ಳು ನಡುಮಧ್ಯದಿಂದ ಅಲುಗಲಿಲ್ಲ.

ಗಾಜಿನ ನಳಿಗೆಯ ಮಾತು

ಮೈಸೂರಿನ ರೈಲು ವಸ್ತುಸಂಗ್ರಹಾಲಯ ಕೃಷ್ಣರಾಜಸಾಗರ ರಸ್ತೆಯಲ್ಲಿ, ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಎದುರಿಗಿದೆ. 1979ರಲ್ಲಿ ಶುರುವಾದದ್ದು, ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದ ನಂತರ ದೇಶದಲ್ಲಿ ಎರಡನೆಯದು. ಇತಿಹಾಸದ ಗೆಳತಿ ಹೋದವಳೇ ಮಹಾರಾಣಿಯವರ ಪ್ರಯಾಣಕ್ಕಿದ್ದ ಸಲೂನ್ ಬೋಗಿಯ ಮುಂದೆ ನಿಂತುಬಿಟ್ಟಳು. 1899ರ ಆ ಬೋಗಿಯಲ್ಲಿ ಅಡುಗೆಮನೆಯೂ ಇದೆ. ಅವಳನ್ನು ಅಲ್ಲಿಂದ ಕದಲಿಸಲು ಮುಕ್ಕಾಲು ಗಂಟೆ ಬೇಕಾಯಿತು. ನಾನು ಹೆಚ್ಚು ಹೊತ್ತು ನಿಂತದ್ದು ರೈಲು ಚಕ್ರ ತೊಡಿಸಿದ ಆಸ್ಟಿನ್ ಮೋಟಾರು ಗಾಡಿಯ ಮುಂದೆ. ರಸ್ತೆಯ ಕಾರು ಹಳಿಯ ಮೇಲೆ ಹತ್ತಿ ನಿಂತರೆ ಹೇಗಿರುತ್ತದೋ ಹಾಗೇ ಇದೆ. ಕಂಡಾಗಲೆಲ್ಲ ಅದರ ಮೇಲೆ ಅಕ್ಕರೆ ಹುಟ್ಟುತ್ತದೆ.

ರೈಲ್ವೆ ಮನೆಯ ಗೆಳೆಯ ನಮ್ಮನ್ನು ಕರೆದುಕೊಂಡು ಹೋಗಿ ನಿಲ್ಲಿಸಿದ್ದು ಒಂದು ಉಗಿ ಎಂಜಿನ್ನಿನ ಕ್ಯಾಬಿನ ಬಳಿ. ಬಾಯ್ಲರಿನ ಹಿಂಬದಿಯ ಫಲಕದ ಮೇಲೆ ಕೈಯಿಟ್ಟು, ನೀರಿನ ಮಟ್ಟ ತೋರಿಸುವ ಗಾಜಿನ ನಳಿಗೆ ಇರಬೇಕಾದ ಜಾಗವನ್ನು ತೋರಿಸಿದ. ಬಾಯ್ಲರಿನ ಒಳಗೆ ಕಣ್ಣು ಹಾಯಿಸಲು ಸಾಧ್ಯವಿಲ್ಲ. ಒಳಗೆ ನೀರು ಎಷ್ಟಿದೆ ಎಂದು ತಿಳಿಯಲು ಡ್ರೈವರಿಗೆ ಇರುವುದು ಆ ನಳಿಗೆ. ಅದರ ಮೇಲ್ತುದಿ ಉಗಿಯಿರುವ ಭಾಗಕ್ಕೆ, ಕೆಳತುದಿ ನೀರಿರುವ ಭಾಗಕ್ಕೆ ಸೇರಿಕೊಂಡಿರುತ್ತದೆ. ಒಳಗಿನ ಮಟ್ಟವೇ ಗಾಜಿನಲ್ಲೂ ಕಾಣಬೇಕು.

‘ಅಪ್ಪ ಗಾಜನ್ನು ನೋಡಿ ಸುಮ್ಮನಾಗುತ್ತಿರಲಿಲ್ಲ’ ಎಂದ ಅವನು. ಗಡಸು ನೀರಿನ ಸುಣ್ಣದ ಪದರ ಕೂತು ಆ ಸಣ್ಣ ದಾರಿಗಳು ಕಟ್ಟಿಕೊಂಡರೆ ಗಾಜಿನಲ್ಲಿ ನಿಂತ ನೀರು ನಿಂತಲ್ಲೇ ಇರುತ್ತದೆ. ಒಳಗೆ ಮಾತ್ರ ಮಟ್ಟ ಇಳಿಯುತ್ತ ಹೋಗುತ್ತದೆ. ಆದ್ದರಿಂದ ನಳಿಗೆಯ ಕೆಳಗಿನ ಬಿರಡೆಯನ್ನು ತಿರುಗಿಸಿ ಅದರಲ್ಲಿದ್ದ ನೀರನ್ನೆಲ್ಲ ಹೊರಕ್ಕೆ ಊದಿಸಬೇಕು. ಬಿರಡೆ ಮುಚ್ಚಿದ ಕೂಡಲೇ ನೀರು ಛಂಗನೆ ಮೇಲಕ್ಕೆ ಹಾರಿದರೆ ದಾರಿ ಸರಿಯಿದೆ ಎಂದರ್ಥ. ನಿಧಾನವಾಗಿ ತೆವಳಿಕೊಂಡು ಬಂದರೆ ಆ ಗಾಜನ್ನು ನಂಬುವಂತಿಲ್ಲ.

ಇಷ್ಟರ ಮೇಲೂ ತಪ್ಪಿದರೆ ಬೆಂಕಿಗೂಡಿನ ಮೇಲ್ಛಾವಣಿಯಲ್ಲಿ ಕೂತಿರುವ, ಸೀಸ ತುಂಬಿದ ಲೆಡ್ ಪ್ಲಗ್ ಕಾಪಾಡುತ್ತದೆ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮೇಲೆ ನೀರು ನಿಂತಿರುವವರೆಗೆ ಅದು ಅಷ್ಟು ಬಿಸಿಯಾಗುವುದಿಲ್ಲ. ನೀರು ಇಳಿದು ಛಾವಣಿ ಬರಿದಾದರೆ ಸೀಸ ಕರಗಿ, ಉಗಿ ಬೆಂಕಿಯ ಮೇಲೆ ನುಗ್ಗಿ, ಬಾಯ್ಲರ್ ಸಿಡಿಯುವ ಮುನ್ನ ಎಚ್ಚರಿಸುತ್ತದೆ. ಪ್ಲಗ್ ಕರಗಿಸಿದ ಡ್ರೈವರಿಗೆ ಅದು ಇಡೀ ಶೆಡ್ಡಿನ ಎದುರು ಅವಮಾನ. ‘ಅಪ್ಪನ ಕೈಯಲ್ಲಿ ಒಂದು ಸಲವೂ ಕರಗಲಿಲ್ಲ’ ಎಂದು ಹೇಳುವಾಗ ಅವನ ದನಿ ಒದ್ದೆಯಾಗಿತ್ತು.

ನಾವು ಅಲ್ಲಿ ಮಧ್ಯಾಹ್ನದವರೆಗೆ ಇದ್ದೆವು. ಆಮೇಲೆ ಊಟ, ಒಬ್ಬ ಮೇಷ್ಟರ ಮನೆಗೆ ಭೇಟಿ. ಆ ಐದಾರು ಗಂಟೆ ಕಾರು ಬಿಸಿಲಿನಲ್ಲೇ ನಿಂತಿತ್ತು.

ಗಣಂಗೂರಿನಿಂದ ನಿಡಘಟ್ಟದವರೆಗೆ

ಮರಳುವಾಗ ಎಲ್ಲವೂ ಬೇರೆಯಾಗಿತ್ತು. ಬಿಸಿಲು ಇನ್ನೂ ಇಳಿದಿರಲಿಲ್ಲ. ನಾಲ್ವರ ಭಾರದ ಜೊತೆಗೆ ಎಸಿ ಪೂರ್ತಿ ಓಡುತ್ತಿತ್ತು. ಶ್ರೀರಂಗಪಟ್ಟಣ ದಾಟಿ ಗಣಂಗೂರಿನ ಟೋಲ್ ಬಳಿ ಸಾಲಿನಲ್ಲಿ ನಿಂತಾಗ ಎಸಿಯ ತಂಪು ಕಡಿಮೆಯಾದಂತೆ ಅನ್ನಿಸಿತು. ಮುಳ್ಳು ನಡುವಿನಿಂದ ಎರಡು ಗೆರೆ ಮೇಲಿತ್ತು. ನಾನು ಹೇಳಿದೆ, ಬ್ಯಾಂಕಿನ ಗೆಳೆಯ ನೋಡಿದ. ಅಷ್ಟರಲ್ಲಿ ಸಾಲು ಕದಲಿ, ಕಾರು ವೇಗ ಹಿಡಿದು, ಮುಳ್ಳು ಮತ್ತೆ ನಡುವಿಗೆ ಬಂತು. ‘ನಿಂತಲ್ಲಿ ಗಾಳಿ ಸಿಗಲಿಲ್ಲ, ಅಷ್ಟೇ’ ಎಂದ ಅವನು. ನಾನೂ ಒಪ್ಪಿದೆ.

ನನ್ನ ದೃಷ್ಟಿಯಲ್ಲಿ ಇಡೀ ದಿನದ ನಿಜವಾದ ತಪ್ಪು ನಡೆದದ್ದು ಇಲ್ಲಿ, ನಿಡಘಟ್ಟದಲ್ಲಿ ಅಲ್ಲ. ಹನ್ನೊಂದು ವರ್ಷದಲ್ಲಿ ಎಂಥ ಬೇಸಿಗೆಯ ವಾಹನದಟ್ಟಣೆಯಲ್ಲೂ ಆ ಮುಳ್ಳು ನಡು ಬಿಟ್ಟು ಮೇಲೇರಿದ್ದನ್ನು ನಾನು ಕಂಡಿರಲಿಲ್ಲ. ಮೊದಲ ಸಲ ಏರಿದಾಗ, ಟೋಲ್ ದಾಟಿದ ಕೂಡಲೇ ಎಡಕ್ಕೆ ಸುರಕ್ಷಿತ ಜಾಗ ನೋಡಿ ನಿಲ್ಲಬೇಕಿತ್ತು. ಮುಳ್ಳು ಇಳಿದದ್ದರಿಂದ ಕಾಯಿಲೆ ವಾಸಿಯಾಗಲಿಲ್ಲ. ವೇಗದ ಗಾಳಿ ಅದನ್ನು ಇನ್ನೊಂದಿಷ್ಟು ಹೊತ್ತು ಮುಚ್ಚಿಟ್ಟಿತು.

ಮಂಡ್ಯದ ಬೈಪಾಸ್ ಮುಗಿಯುವ ಹೊತ್ತಿಗೆ ಮುಳ್ಳು ಮತ್ತೆ ಏರತೊಡಗಿತು. ಈ ಸಲ ಕಾರು ನೂರರ ಆಸುಪಾಸಿನ ವೇಗದಲ್ಲಿತ್ತು, ಗಾಳಿಗೆ ಕೊರತೆ ಇರಲಿಲ್ಲ. ನಾನು ಎಸಿ ಆರಿಸಿ ವೇಗವನ್ನು ಎಪ್ಪತ್ತಕ್ಕೆ ಇಳಿಸಿದೆ. ಮದ್ದೂರು ದಾಟುವಾಗ ಮುಳ್ಳು ಕೆಂಪಿನ ಅಂಚಿನಲ್ಲಿತ್ತು. ಕಾಲು ಅದುಮಿದರೂ ಎಂಜಿನ್ ಮೊದಲಿನಂತೆ ಎಳೆಯುತ್ತಿರಲಿಲ್ಲ. ಎಡಗಡೆ ಉದ್ದಕ್ಕೂ ಕಬ್ಬಿಣದ ತಡೆ, ಅದರಾಚೆ ಬೇಲಿ. ‘ಮುಂದಿನ ಇಳಿದಾರಿಯವರೆಗೆ ಹೇಗಾದರೂ ಹೋಗಿಬಿಡೋಣ’ ಎಂಬ ಮಾತು ಕಾರಿನೊಳಗೆ ಎದ್ದಿತು. ಆ ಹೊತ್ತಿಗೆ ಮುಳ್ಳು ದೊಪ್ಪನೆ ಕೆಳಗೆ ಬಿದ್ದಿತು.

ರೈಲ್ವೆ ಮನೆಯ ಗೆಳೆಯ ಹಿಂದಿನ ಸೀಟಿನಿಂದ ಮುಂದಕ್ಕೆ ಬಗ್ಗಿ, ‘ಹೀಟರ್ ಹಾಕು’ ಎಂದ. ಬಿಸಿಗಾಳಿಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ. ಕುದಿಯುತ್ತಿರುವ ಎಂಜಿನ್ನಿನ ಕಾರಿನಲ್ಲಿ ಕಿಂಡಿಯಿಂದ ಬಂದದ್ದು ತಣ್ಣನೆಯ ಗಾಳಿ.

ಕಾರಿನ ಹೀಟರಿಗೆ ಬಿಸಿ ಒದಗಿಸುವುದು ಎಂಜಿನ್ನಿನಿಂದ ಹರಿದು ಬರುವ ಕೂಲೆಂಟ್. ಎಂಜಿನ್ ಕಾದಿದ್ದೂ ಹೀಟರ್ ತಣ್ಣಗಿದ್ದರೆ ಕೂಲೆಂಟ್ ಹರಿಯುತ್ತಿಲ್ಲ ಎಂದಾಯಿತು. ಶಾಖ ಅಳೆಯುವ ಸೆನ್ಸರ್ ದ್ರವದಲ್ಲಿ ಮುಳುಗಿರಬೇಕು. ದ್ರವ ಅದಕ್ಕಿಂತ ಕೆಳಗಿಳಿದರೆ ಅದು ಬರಿ ಗಾಳಿಯನ್ನೋ ಉಗಿಯನ್ನೋ ಅಳೆಯುತ್ತದೆ, ತೋರಿಸುವ ಅಂಕಿ ಸುಳ್ಳಾಗುತ್ತದೆ. ‘ಬೆಳಿಗ್ಗೆ ಹೇಳಿದೆನಲ್ಲ, ಅದೇ ಗಾಜು ಇದು’ ಎಂದ. ಎಡಬದಿಗೆ ಸರಿದು ಎಂಜಿನ್ ಆರಿಸಿದೆ.

ತಡೆಯ ಆಚೆ ಐವತ್ತು ನಿಮಿಷ

ನಾಲ್ವರೂ ಎಡಗಡೆಯ ಬಾಗಿಲುಗಳಿಂದಲೇ ಇಳಿದೆವು. ನಾನು ಗೇರಿನ ಮೇಲಿಂದ ದಾಟಿ ಬಂದೆ. ಎಚ್ಚರಿಕೆಯ ದೀಪಗಳನ್ನು ಹಾಕಿ, ಕೆಂಪು ತ್ರಿಕೋನವನ್ನು ನೂರಕ್ಕೂ ಹೆಚ್ಚು ಹೆಜ್ಜೆ ಹಿಂದೆ ಇಟ್ಟು, ಎಲ್ಲರೂ ಕಬ್ಬಿಣದ ತಡೆಯ ಆಚೆಗೆ ಹೋಗಿ ನಿಂತೆವು. ವೇಗದ ಹೆದ್ದಾರಿಯಲ್ಲಿ ಕೆಟ್ಟು ನಿಂತ ಕಾರಿನೊಳಗೆ ಕೂರುವುದು ಅದು ಕೆಟ್ಟದ್ದಕ್ಕಿಂತ ದೊಡ್ಡ ಅಪಾಯ. ಹಿಂದಿನಿಂದ ಬರುವ ಲಾರಿಯ ಚಾಲಕನಿಗೆ ದೂರದಿಂದ ನಿಂತ ಕಾರೂ ಚಲಿಸುವ ಕಾರೂ ಒಂದೇ ಥರ ಕಾಣುತ್ತವೆ. ಗೆಳತಿ ರಾಷ್ಟ್ರೀಯ ಹೆದ್ದಾರಿಗಳ ಸಹಾಯವಾಣಿ 1033ಕ್ಕೆ ಕರೆ ಮಾಡಿ, ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನೂ ನಾವು ಯಾವ ಕಡೆಗೆ ಹೊರಟಿದ್ದೆವೆಂಬುದನ್ನೂ ಹೇಳಿದಳು.

ಬ್ಯಾಂಕಿನ ಗೆಳೆಯ ಬಾನೆಟ್ ಎತ್ತಿದ. ಬಾಟಲಿ ತುಂಬಿ ತುಳುಕುತ್ತಿತ್ತು, ಅಂಚಿನಿಂದ ಹಸಿರು ನೊರೆ ಜಿನುಗುತ್ತಿತ್ತು. ‘ನೀರು ಇದೆಯಲ್ಲ!’ ಎನ್ನುತ್ತ ಟವೆಲ್ ಮಡಚಿ, ಕೂಲೆಂಟನ್ನು ತಣಿಸುವ ರೇಡಿಯೇಟರಿನ ಮುಚ್ಚಳದ ಕಡೆ ಕೈ ಚಾಚಿದ. ರೈಲ್ವೆ ಮನೆಯ ಗೆಳೆಯ ಆ ಕೈಯನ್ನು ಮುಂಗೈ ಹತ್ತಿರ ಹಿಡಿದು ಎಳೆದ ರಭಸಕ್ಕೆ ಇಬ್ಬರೂ ಮುಗ್ಗರಿಸಿದರು. ಒತ್ತಡದಲ್ಲಿರುವ ನೀರು ನೂರು ಡಿಗ್ರಿ ದಾಟಿಯೂ ನೀರಾಗಿಯೇ ಇರುತ್ತದೆ. ಮುಚ್ಚಳ ತೆಗೆದ ಕ್ಷಣ ಒತ್ತಡ ಹೋಗಿ, ಅದರಲ್ಲಿ ಒಂದು ಪಾಲು ಉಗಿಯಾಗಿ ಉಳಿದದ್ದನ್ನೆಲ್ಲ ಮುಖಕ್ಕೆ ಎರಚುತ್ತದೆ. ಟವೆಲ್ ಅದನ್ನು ತಡೆಯುವುದಿಲ್ಲ. ಆ ಕೈ ಆ ದಿನ ಸುಡದೆ ಉಳಿದದ್ದಕ್ಕೆ ನಾನು ಈಗಲೂ ಒಳಗೊಳಗೇ ಕೈಮುಗಿಯುತ್ತೇನೆ.

ಬೇಲಿಯಾಚೆಯ ಸರ್ವಿಸ್ ರಸ್ತೆಯಲ್ಲಿ ಎಳನೀರು ಮಾರುತ್ತಿದ್ದ ಅಜ್ಜಿ ನಮ್ಮನ್ನು ನೋಡಿ, ಎರಡು ಲೀಟರಿನ ಬಾಟಲಿಯಲ್ಲಿ ನೀರು ತುಂಬಿಸಿ ಮೊಮ್ಮಗನ ಕೈಯಲ್ಲಿ ಕಳುಹಿಸಿದರು. ಹುಡುಗ ಬೇಲಿಯ ತಂತಿಗೆ ಕಾಲು ಕೊಟ್ಟು ಹತ್ತಿ ಅದನ್ನು ದಾಟಿಸಿದ. ‘ಈಗಲೇ ಹೊಯ್ಯಬೇಡಿ ಅಕ್ಕಾ, ನಮ್ಮ ಟ್ರ್ಯಾಕ್ಟರಿಗೆ ಹಾಗೆ ಹೊಯ್ದು ಹೆಡ್ಡು ಸೀಳಿಹೋಯಿತು’ ಎಂದು ಗೆಳತಿಗೆ ಹೇಳಿದ. ಹನ್ನೆರಡು ವರ್ಷವೂ ಆಗಿರದ ಹುಡುಗ. ಅವನು ಹೇಳಿದ್ದು ಸರಿ. ಕಾದ ಲೋಹದ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಆ ನೀರನ್ನು ನಾವೇ ಕುಡಿದೆವು. ಅಜ್ಜಿ ಹಣ ಬೇಡವೆಂದರು. ಬೇಲಿಯ ಮೇಲಿಂದ ನಾಲ್ಕು ಎಳನೀರು ಕೊಂಡೆವು.

ಗಸ್ತು ವಾಹನ ಬಂದು ಕಾರಿನ ಹಿಂದೆ ಕೋನ್‌ಗಳನ್ನು ಇಟ್ಟಿತು. ಆಮೇಲೆ ಬಂದ ಎಳೆದೊಯ್ಯುವ ಗಾಡಿ ಕಾರನ್ನು ಚನ್ನಪಟ್ಟಣದ ಒಂದು ಗ್ಯಾರೇಜಿಗೆ ತಲುಪಿಸಿತು. ಕಾರನ್ನು ಅಲ್ಲಿ ಬಿಟ್ಟು ನಾವು ಚನ್ನಪಟ್ಟಣ ನಿಲ್ದಾಣದಿಂದ ರೈಲು ಹಿಡಿದೆವು. ಬೆಂಗಳೂರಿನಿಂದ ಹೊರಟ ಮೀಟರ್ ಗೇಜ್ ಹಳಿ 1882ರಲ್ಲಿ ಮೈಸೂರು ಮುಟ್ಟಿದ್ದು ಇದೇ ಊರುಗಳ ಮೂಲಕ. ರೈಲ್ವೆ ಮನೆಯ ಗೆಳೆಯನ ತಂದೆಯ ಎಂಜಿನ್ ದಾರಿಯಲ್ಲಿ ನೀರು ತುಂಬಿಸಿಕೊಳ್ಳುತ್ತಿದ್ದ ಕಥೆಗಳನ್ನು ಕೇಳುತ್ತ ಕೆಂಗೇರಿ ಬಂದದ್ದೇ ತಿಳಿಯಲಿಲ್ಲ.

ಗ್ಯಾರೇಜಿನಲ್ಲಿ ಕಂಡದ್ದು

ಮರುದಿನ ಬೆಳಿಗ್ಗೆ ನಾನೂ ರೈಲ್ವೆ ಮನೆಯ ಗೆಳೆಯನೂ ಚನ್ನಪಟ್ಟಣಕ್ಕೆ ಮರಳಿದೆವು. ಮೆಕ್ಯಾನಿಕ್ ಅರವತ್ತರ ಹತ್ತಿರದವರು, ಮಾತು ಕಡಿಮೆ. ಎಂಜಿನ್ ರಾತ್ರಿಯಿಡೀ ಆರಿತ್ತು. ಮೊದಲು ರೇಡಿಯೇಟರಿನ ಮುಚ್ಚಳ ತೆಗೆದು ಟಾರ್ಚ್ ಹಿಡಿದರು. ಒಳಗೆ ಹಸಿರಿನ ಸುಳಿವೂ ಇರಲಿಲ್ಲ, ಒಣಗಿದ ತಗಡಿನ ನಳಿಗೆಗಳ ತುದಿಗಳು ಮಾತ್ರ ಕಂಡವು. ಪಕ್ಕದಲ್ಲೇ ಬಾಟಲಿ ತುಂಬಿತ್ತು. ಆಮೇಲೆ ತುಂಬಿಸುವಾಗ ಸುಮಾರು ಮೂರು ಲೀಟರ್ ಹಿಡಿಯಿತು.

ಸೋರಿಕೆ ಎಲ್ಲಿ ಎಂಬುದು ಮುಂದಿನ ಪ್ರಶ್ನೆ. ಫ್ಯಾನ್ ಕೆಟ್ಟಿರಬಹುದು ಎಂಬುದು ಬ್ಯಾಂಕಿನ ಗೆಳೆಯನ ಅನುಮಾನವಾಗಿತ್ತು. ಟೋಲಿನಲ್ಲಿ ಏರಿ ಓಟದಲ್ಲಿ ಇಳಿದದ್ದಕ್ಕೆ ಅದು ಹೊಂದುತ್ತಿತ್ತು, ಆದರೆ ನೂರರ ವೇಗದಲ್ಲಿ ಏರಿದ್ದಕ್ಕೆ ಹೊಂದುತ್ತಿರಲಿಲ್ಲ. ಬ್ಯಾಟರಿಯ ನೇರ ಸಂಪರ್ಕ ಕೊಟ್ಟಾಗ ಫ್ಯಾನ್ ಚೆನ್ನಾಗಿಯೇ ತಿರುಗಿತು. ಕೂಲೆಂಟಿನ ದಾರಿಯನ್ನು ತೆರೆದು ಮುಚ್ಚುವ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಉಳಿದಿದ್ದರೆ ಬೆಳಿಗ್ಗೆಯೇ ಕೆಲವು ಕಿಲೋಮೀಟರಿನೊಳಗೆ ಎಂಜಿನ್ ಕಾಯಬೇಕಿತ್ತು. ಆದರೂ ಅದನ್ನು ಬಿಚ್ಚಿ ಪಾತ್ರೆಯ ಬಿಸಿನೀರಿನಲ್ಲಿ ಹಾಕಿ ತೋರಿಸಿದರು, ಕಣ್ಣೆದುರೇ ಬಾಯಿ ತೆರೆಯಿತು. ವಾಟರ್ ಪಂಪಿನ ಕೆಳಗೆ ಒದ್ದೆಯಿರಲಿಲ್ಲ. ಹೋಸುಗಳು ಗಟ್ಟಿಯಿದ್ದವು.

ನನ್ನ ಎದೆ ಹೊಡೆದುಕೊಂಡದ್ದು ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗೆ ಕೂರುವ ಪದರದ, ಅಂದರೆ ಹೆಡ್ ಗ್ಯಾಸ್ಕೆಟ್ಟಿನ ಪರೀಕ್ಷೆಯ ಹೊತ್ತಿನಲ್ಲಿ. ಅಲ್ಯೂಮಿನಿಯಂ ಹೆಡ್ ಅತಿಯಾಗಿ ಕಾದರೆ ಸೊಟ್ಟಗಾಗುತ್ತದೆ. ಆಗ ಖರ್ಚು ಹತ್ತಾರು ಸಾವಿರಕ್ಕೆ ಏರುತ್ತದೆ. ಎಣ್ಣೆಯ ಕಡ್ಡಿ ಎಳೆದು ನೋಡಿದರು, ನೀರು ಬೆರೆತಿದ್ದರೆ ಎಣ್ಣೆ ಹಾಲು ಹಾಕಿದ ಕಾಫಿಯಂತಾಗಿರುತ್ತಿತ್ತು. ಆಗಿರಲಿಲ್ಲ. ಕೂಲೆಂಟ್ ತುಂಬಿ ಎಂಜಿನ್ ಓಡಿಸಿ, ರೇಡಿಯೇಟರಿನ ಬಾಯಿಗೆ ನೀಲಿ ದ್ರವವಿದ್ದ ಗಾಜಿನ ಕೊಳವೆಯನ್ನು ಇಟ್ಟರು. ಸಿಲಿಂಡರಿನ ಹೊಗೆ ನೀರಿಗೆ ಸೇರುತ್ತಿದ್ದರೆ ಆ ನೀಲಿ ಹಳದಿಯಾಗುತ್ತದೆ. ಐದು ನಿಮಿಷ ನಾವು ಮೂವರೂ ಮಾತಿಲ್ಲದೆ ಆ ನೀಲಿಯನ್ನೇ ನೋಡುತ್ತ ನಿಂತೆವು. ಅದು ನೀಲಿಯಾಗಿಯೇ ಉಳಿಯಿತು.

ಕೊನೆಗೆ ಅವರು ಮುಚ್ಚಳವನ್ನು ಅಂಗೈಯಲ್ಲಿಟ್ಟು ನನ್ನ ಕಡೆ ಚಾಚಿದರು. ಎರಡು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ರಬ್ಬರ್ ಬಳೆ, ಅದರ ಹಿಂದೆ ಸ್ಪ್ರಿಂಗ್, ನಡುವೆ ಗುಂಡಿಯಷ್ಟು ಸಣ್ಣ ಕವಾಟ. ರಬ್ಬರ್ ಒಣಗಿದ ಹುಣಿಸೆ ಸಿಪ್ಪೆಯಂತೆ ಗಡುಸಾಗಿ, ಅಂಚಿನಲ್ಲಿ ಮೂರು ಕಡೆ ಸೀಳಿತ್ತು. ಕೈಪಂಪಿನ ಮೀಟರಿಗೆ ಸೇರಿಸಿ ಗಾಳಿ ಒತ್ತಿದರೆ ಒತ್ತಡ ನಿಲ್ಲುತ್ತಲೇ ಇರಲಿಲ್ಲ. ಜೊತೆಗೆ, ರೇಡಿಯೇಟರಿನ ಕುತ್ತಿಗೆಯಿಂದ ಬಾಟಲಿಗೆ ಹೋಗುವ ಬೆರಳು ದಪ್ಪದ ಹೋಸು ತನ್ನ ತುದಿಯಲ್ಲಿ ಕೂದಲೆಳೆಯಷ್ಟು ಸೀಳಿತ್ತು.

ಇಲ್ಲಿ ಸಂಗತಿಯೆಲ್ಲ ಒಂದಕ್ಕೊಂದು ಕೂಡಿಕೊಂಡಿತು. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ, ಮೈಸೂರಿನ ಎತ್ತರದಲ್ಲಿ ಸುಮಾರು 97ಕ್ಕೇ. ಸರಿಯಾದ ಮುಚ್ಚಳ ಹೆಚ್ಚುಕಡಿಮೆ ಹೊರಗಿನ ಗಾಳಿಯ ಒತ್ತಡದಷ್ಟೇ ಹೆಚ್ಚುವರಿ ಒತ್ತಡ ಹಿಡಿದಿಟ್ಟು ಆ ಕುದಿಬಿಂದುವನ್ನು 120ರ ಹತ್ತಿರಕ್ಕೆ ಏರಿಸುತ್ತದೆ. ಕೂಲೆಂಟ್ ಬೆರೆತರೆ ಇನ್ನೂ ತುಸು ಮೇಲೆ. ನನ್ನ ಮುಚ್ಚಳ ಒತ್ತಡ ಹಿಡಿಯದೆ, ಕಾದಾಗಲೆಲ್ಲ ಕೂಲೆಂಟನ್ನು ಬಾಟಲಿಗೆ ಬಿಟ್ಟುಕೊಡುತ್ತಿತ್ತು. ಎಂಜಿನ್ ತಣ್ಣಗಾದಾಗ ರೇಡಿಯೇಟರ್ ಅದೇ ಕೂಲೆಂಟನ್ನು ಬಾಟಲಿಯಿಂದ ಹಿಂದಕ್ಕೆ ಹೀರಿಕೊಳ್ಳಬೇಕು, ನಡುವಿನ ಸಣ್ಣ ಕವಾಟ ಇರುವುದೇ ಅದಕ್ಕೆ. ಹೋಸಿನ ಸೀಳಿನಿಂದಲೂ ರಬ್ಬರಿನ ಬಿರುಕಿನಿಂದಲೂ ಗಾಳಿ ಸಿಗುತ್ತಿದ್ದಾಗ ಅದು ಕೂಲೆಂಟಿನ ಬದಲು ಗಾಳಿಯನ್ನು ಹೀರುತ್ತಿತ್ತು. ಹೋದದ್ದು ಮರಳಲಿಲ್ಲ. ಬಾಟಲಿ ದಿನದಿನಕ್ಕೆ ಏರಿತು, ಗೆರೆ ದಾಟಿತು, ಹೆಚ್ಚಾದದ್ದು ಹೊರಕ್ಕೆ ಜಿನುಗಿತು. ಬಾಟಲಿಯ ಕೆಳಗಿನ ಲೋಹದ ಮೇಲೆ ಒಣಗಿದ ಹಸಿರು ಕಲೆ ವಾರಗಟ್ಟಲೆ ಹಳೆಯದು. ಮೈಸೂರಿನಲ್ಲಿ ಆರು ಗಂಟೆ ನಿಂತಾಗ ಇನ್ನೊಂದು ಸಲ ಗಾಳಿ ಸೇರಿತು. ಸಂಜೆಯ ಬಿಸಿಲೂ ಎಸಿಯೂ ಉಳಿದದ್ದನ್ನು ಮುಗಿಸಿದವು.

ಎಲ್ಲ ಕಾರುಗಳಿಗೂ ಇದು ಅನ್ವಯಿಸುವುದಿಲ್ಲ. ಒತ್ತಡದ ಮುಚ್ಚಳ ಬಾಟಲಿಯ ಮೇಲೆಯೇ ಇರುವ ಕಾರುಗಳಲ್ಲಿ ಬಾಟಲಿಯೂ ಹರಿವಿನ ಭಾಗವೇ ಆಗಿರುವುದರಿಂದ ಅಲ್ಲಿ ಕಂಡ ಮಟ್ಟ ನಿಜವಾದ ಮಟ್ಟ. ಮುಚ್ಚಳ ರೇಡಿಯೇಟರಿನ ಮೇಲಿದ್ದು, ಬಾಟಲಿ ಪಕ್ಕದಲ್ಲಿ ಬೇರೆಯಾಗಿ ಕೂತಿರುವ ಕಾರುಗಳಲ್ಲಿ ಮಾತ್ರ ಬಾಟಲಿಯೊಂದನ್ನೇ ನೋಡಿದರೆ ಸಾಲದು. ರಾತ್ರಿಯಿಡೀ ನಿಂತು ಪೂರ್ತಿ ತಣ್ಣಗಾದ ಎಂಜಿನ್ನಿನಲ್ಲಿ, ಬೆಳಿಗ್ಗೆ ಮುಚ್ಚಳ ತೆಗೆದು ಕುತ್ತಿಗೆಯವರೆಗೆ ಕೂಲೆಂಟ್ ಇದೆಯೇ ಎಂದು ನೋಡಬೇಕು. ಹಿಂದಿನ ಸರ್ವಿಸ್‌ಗಳಲ್ಲಿ ಬಾಟಲಿಯ ಮಟ್ಟ ನೋಡಿ ಗುರುತು ಹಾಕಿದ ಕಾಗದಗಳು ನನ್ನ ಬಳಿ ಇವೆ. ಮುಚ್ಚಳ ಪರೀಕ್ಷಿಸಿದ ಗುರುತು ಯಾವುದರಲ್ಲೂ ಇಲ್ಲ, ಕೇಳಬೇಕೆಂದು ನನಗೂ ಗೊತ್ತಿರಲಿಲ್ಲ.

ಹೊಸ ಮುಚ್ಚಳ, ಸಣ್ಣ ಹೋಸು, ಕೂಲೆಂಟ್, ಕೂಲಿ ಸೇರಿ ಎರಡು ಸಾವಿರ ರೂಪಾಯಿಯೊಳಗೆ ಮುಗಿಯಿತು. ಹಳೆಯ ಮುಚ್ಚಳವನ್ನು ಗೆಳೆಯ ಕೇಳಿ ತೆಗೆದುಕೊಂಡ. ಅದೀಗ ಅವನ ಮನೆಯ ಗೋಡೆಗೂಡಿನಲ್ಲಿ, ಅವನ ತಂದೆಯ ರೈಲ್ವೆ ಬಿಲ್ಲೆಯ ಪಕ್ಕದಲ್ಲಿದೆ.

ಅಂದಿನಿಂದ ಕಾರು 1,400 ಕಿಲೋಮೀಟರ್ ಓಡಿದೆ. ಪ್ರತಿ ಭಾನುವಾರ ಬೆಳಿಗ್ಗೆ ಮುಚ್ಚಳ ತೆಗೆದು ನೋಡುತ್ತಿದ್ದೇನೆ, ಹಸಿರು ಕುತ್ತಿಗೆಯವರೆಗೆ ನಿಂತಿದೆ, ಬಾಟಲಿಯ ಮಟ್ಟ ಎರಡು ಗೆರೆಗಳ ನಡುವೆ ಕದಲದೆ ಇದೆ. ಒಂದು ಪರೀಕ್ಷೆ ಇನ್ನೂ ಬಾಕಿ. ಕಾದ ಹೆಡ್ಡಿನ ಪರಿಣಾಮ ಕೆಲವೊಮ್ಮೆ ತಡವಾಗಿ ಕಾಣಿಸಿಕೊಳ್ಳುತ್ತದೆಂದು, ಐದು ಸಾವಿರ ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ಆ ನೀಲಿ ದ್ರವದ ಕೊಳವೆಯನ್ನು ಇಟ್ಟು ನೋಡೋಣ ಬನ್ನಿ ಎಂದು ಮೆಕ್ಯಾನಿಕ್ ಹೇಳಿದ್ದಾರೆ.